ತಂತಿಯ ತುದಿ

ಯುಗಗಳ ಹಿಂದೆ ಸತ್ತು ಕಲ್ಲಾಗಿಹೋದ ಕಡಲಚಿಪ್ಪುಗಳಿಗೆ ತಾಮ್ರದ ತಂತಿ ಸುತ್ತಿ ಪದಕ ಮಾಡುವುದು ನನ್ನ ಕೆಲಸ. ಅಂಟು ಹಾಕುವುದಿಲ್ಲ, ತೂತು ಕೊರೆಯುವುದಿಲ್ಲ. ತಂತಿಯ ತುದಿ ಮೈಗೆ ಚುಚ್ಚದ ಹಾಗೆ ಒಳಗೆ ಮಡಚಿಬಿಡುತ್ತೇನೆ. ಇಷ್ಟು ವರ್ಷದಲ್ಲಿ ಚುಚ್ಚುತ್ತದೆ ಎಂದು ದೂರಿದವಳು ನನ್ನ ಮಗಳೊಬ್ಬಳೇ.

ನಾನು ಮಾಡಿದ್ದ ಒಂದು ಸುರುಳಿ ಚಿಪ್ಪಿನ ಪದಕವನ್ನು ಹಟ ಹಿಡಿದು ಹಾಕಿಕೊಂಡಿದ್ದಳು. "ಅಮ್ಮಾ, ಚುಚ್ತಿದೆ" ಎಂದಳು. ನೋಡಿದರೆ ತುದಿ ಹೊರಬಂದಿತ್ತು. ಇಕ್ಕಳದಿಂದ ಒತ್ತಿ ಕೂರಿಸಿದೆ. ಮರುದಿನ ಮತ್ತೆ ಅದೇ ರಾಗ. ದಿನವಿಡೀ ಮೈಗೆ ತಾಗಿದ್ದರೂ ಕಲ್ಲು ತಣ್ಣಗಿತ್ತು, ಹಿಂಬದಿ ಒದ್ದೆಯಾಗಿತ್ತು. ಬೆವರಿರಬೇಕು ಅಂದುಕೊಂಡೆ. ಬೆವರು ಅಷ್ಟು ತಣ್ಣಗಿರುತ್ತದೆಯೇ?

ನನಗೆ ತಲೆ ಕೆಟ್ಟುಹೋಯಿತು. ನಿನ್ನೆ ಮಧ್ಯಾಹ್ನ ಅವಳು ಮಲಗಿದ್ದಾಗ ಪದಕವನ್ನು ಮೆಲ್ಲಗೆ ಬಿಚ್ಚಿ ತಂದು, ತಂತಿಯನ್ನೆಲ್ಲ ಕತ್ತರಿಸಿ ಹಾಕಿ, ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಒಳಗಿನಿಂದ ಅವಳ ದನಿ ಬಂತು. "ಅಮ್ಮಾ, ಈ ಸಲ ಚೆನ್ನಾಗಿ ಸರಿ ಮಾಡಿದೀಯ. ಚುಚ್ತಾನೇ ಇಲ್ಲ."

"ಏನೇ ಚುಚ್ತಿಲ್ಲ?" ಎನ್ನುತ್ತ ಓಡಿದೆ.

"ಪದಕ. ತುದೀನ ಆಚೆಗೆ ತಿರುಗಿಸಿದೀಯಲ್ಲ."

ಅವಳ ಕೊರಳು ಬರಿದಾಗಿತ್ತು. ಕಲ್ಲು ಇನ್ನೂ ನನ್ನ ಎಡಮುಷ್ಟಿಯಲ್ಲೇ ಇತ್ತು. ಬಲಗೈಯನ್ನು ಅವಳ ಎದೆಯ ಮೇಲಿಟ್ಟೆ. ತಣ್ಣಗಿತ್ತು, ಒದ್ದೆಯಾಗಿತ್ತು. ಅಂಗೈಗೆ ಚುರುಕ್ಕೆಂದು ಚುಚ್ಚಿತು.