ಇನ್ಸ್‌ಪೆಕ್ಟರಮ್ಮನ ಬೂದು ಕೋಟು

ಧಾರಾವಾಹಿಯ ಆ ದಿನದ ಕಂತು ಮುಗಿದು ಕಲಾವಿದರ ಹೆಸರುಗಳು ಪರದೆಯ ಮೇಲೆ ಓಡುತ್ತಿದ್ದಾಗಲೇ ಪಕ್ಕದ ಕೋಣೆಯಿಂದ ಸಂಗೀತದ ಟೀಚರ್ ಚೀರಿದ್ದು ಕೇಳಿಸಿತು. ಹಾಲಿನಲ್ಲಿ ಕೂತಿದ್ದವರೆಲ್ಲ ಕುರ್ಚಿ ಉರುಳಿಸಿಕೊಂಡು ಅತ್ತ ನುಗ್ಗಿದರು. ಎಲ್ಲರಿಗಿಂತ ಮುಂದೆ ಓಡಿದವನು ಬಸ್ ಡ್ರೈವರು. ಗಾಜಿನ ಬೀರುವಿನ ಬಾಗಿಲು ತೆರೆದಿತ್ತು, ಬೀಗದಲ್ಲಿ ಕೀಲಿ ಹಾಗೇ ನೇತಾಡುತ್ತಿತ್ತು. ನಾಯಕಿ ನಟಿ ತಾನೇ ಸಹಿ ಮಾಡಿ ಕಳಿಸಿದ್ದ ಪೊಲೀಸ್ ಸೀಟಿ ತನ್ನ ಜಾಗದಲ್ಲಿ ಭದ್ರವಾಗಿತ್ತು. ಅದರ ಮೇಲೆ ಬರೀ ಹ್ಯಾಂಗರು. ಇನ್ಸ್‌ಪೆಕ್ಟರಮ್ಮನ ಬೂದು ಕೋಟು ಮಾಯವಾಗಿತ್ತು.

‘ಹಡಗುಕಟ್ಟೆ ಠಾಣೆ’ ಧಾರಾವಾಹಿಯ ಹುಚ್ಚು ಡ್ರೈವರಿಗೆ ಎಷ್ಟಿತ್ತೆಂದರೆ, ಸಂಜೆ ಬಿಡುವಿರಲಿ ಎಂದು ಡಿಪೋದಲ್ಲಿ ಕಾಡಿಬೇಡಿ ನಸುಕಿನ ಪಾಳಿ ಹಾಕಿಸಿಕೊಂಡಿದ್ದ. ಅವನಂಥವರೇ ಆ ವಸತಿ ಕಟ್ಟಡದ ತುಂಬ ಇದ್ದರು. ವಾರದ ಐದು ಸಂಜೆಯೂ ನೆಲಮಹಡಿಯ ಹಾಲಿನಲ್ಲಿ ಒಟ್ಟಿಗೆ ಕೂತು ನೋಡುವ ಅಭಿಮಾನಿ ಬಳಗ ಅವರದು. ಬಳಗ ಹುಟ್ಟಿದ್ದೇ ಆ ಕೋಟಿನಿಂದ. ಮೊದಲ ವರ್ಷ ನಾಯಕಿ ತೊಟ್ಟಿದ್ದ ಕೋಟನ್ನು ಸ್ಟುಡಿಯೋದವರು ಹರಾಜು ಹಾಕಿದಾಗ ಟೀಚರ ಯಜಮಾನರು ಹೋಗಿ ಗೆದ್ದು ತಂದು, ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಟ್ಟಿದ್ದರು. ಕೋಟು ನೋಡಲು ಬಂದವರು ಧಾರಾವಾಹಿ ನೋಡಲು ಕೂತರು. ಯಜಮಾನರಿಗೆ ಮಾತ್ರ ಅದು ಅಷ್ಟಕ್ಕಷ್ಟೆ. ಎಲ್ಲರಿಗೂ ಟೀ ಕೊಟ್ಟು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದರು.

ಕೋಟು ಕಳೆದದ್ದು ಗುರುವಾರ. ಭಾನುವಾರ ನಾಯಕಿ ನಟಿಯೇ ಬಳಗವನ್ನು ನೋಡಲು ಬರುವವರಿದ್ದರು. ಬುಧವಾರವಷ್ಟೇ ಟೀವಿ ಸಂದರ್ಶನದಲ್ಲಿ ಅವರು ಕೋಟಿನ ಮಾತೆತ್ತಿದ್ದರು. ಈಗ ತೀರಿಹೋಗಿರುವ ಉಡುಪಿನ ವಿಭಾಗದ ಹಿರಿಯಾಕೆ ಅದರ ಕಾಲರಿನ ಒಳಗೆ ಯಾರಿಗೂ ಕಾಣದಂತೆ ಒಂದು ಕೆಂಪು ಗುಂಡಿ ಹೊಲಿದಿದ್ದರಂತೆ. ಅದನ್ನು ಇನ್ನೊಮ್ಮೆ ಮುಟ್ಟಿ ನೋಡುವ ಆಸೆಯಂತೆ. ಕೇಳಿದ್ದೇ ತಡ ಹಾಲಿಗೆ ಹಾಲೇ ಎದ್ದು ಕುಣಿದಿತ್ತು. ಈಗಲೇ ಬೀರು ತೆಗೆದು ಗುಂಡಿ ನೋಡಿಬಿಡೋಣ ಎಂದು ಮೆಡಿಕಲ್ ಶಾಪಿನ ಆಂಟಿ ಹಟ ಹಿಡಿದರು. ಮೊದಲು ಮುಟ್ಟುವ ಹಕ್ಕು ನಟಿಯದೇ ಎಂದು ಟೀಚರ್ ಒಪ್ಪಲಿಲ್ಲ. ಇಬ್ಬರಿಗೂ ಜೋರು ಮಾತಾಗಿ ಮುಖ ತಿರುಗಿಸಿಕೊಂಡಿದ್ದರು.

ಹಾಗಾಗಿ ಕೋಟು ಕಾಣೆಯಾದ ಕೂಡಲೇ ಎಲ್ಲರ ಕಣ್ಣೂ ಆಂಟಿಯ ಮೇಲೆ. ಕಂತಿನ ನಡುವೆ ಅವರು ಎದ್ದು ಹೋದದ್ದನ್ನು ಕಂಡವರಿದ್ದರು. ಪೊಲೀಸರನ್ನು ಕರೆಸುತ್ತೇನೆ ಎಂದು ಟೀಚರ್ ಕೂತರು. ಕರೆಸಿ, ನನಗೇನು ಭಯ, ಎಂದು ಆಂಟಿ ಕಣ್ಣೀರು ಹಾಕಿಕೊಂಡರು. ನಾಳೆ ಸಂಜೆಯವರೆಗೆ ತಡೆಯಿರಿ, ನಮ್ಮಕ್ಕನಿಗೆ ಒಂದು ಮಾತು ಹೇಳುತ್ತೇನೆ, ಎಂದು ಡ್ರೈವರು ಕೈಮುಗಿದು ಕೇಳಿಕೊಂಡ.

ಅವನ ಅಕ್ಕ ಮೊದಲ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿದ್ದ ಡಾಕ್ಟರು. ಧಾರಾವಾಹಿಯ ಒಂದೇ ಒಂದು ಕಂತನ್ನೂ ನೋಡಿದವಳಲ್ಲ. ಆದರೆ ಕಟ್ಟಡದಲ್ಲಿ ಏನೇ ಕಳೆಯಲಿ, ಯಾರೇ ಸುಳ್ಳು ಹೇಳಲಿ, ಪತ್ತೆ ಹಚ್ಚಲು ಜನ ಹೋಗುತ್ತಿದ್ದದ್ದು ಅವಳ ಹತ್ತಿರವೇ. ತಮ್ಮ ಉಸಿರು ಬಿಡದೆ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಳು. ಗುರುವಾರದ ದುಃಖವನ್ನೂ ಅವನು ತೋಡಿಕೊಂಡ. ಇನ್ಸ್‌ಪೆಕ್ಟರಮ್ಮ ಕಳೆದುಹೋದ ತಂಗಿಯನ್ನು ಕಟ್ಟೆಯ ಮೇಲೆ ಕಾಣುವ ದೃಶ್ಯ, ವರ್ಷಗಟ್ಟಲೆ ಕಾದದ್ದು, ಶುರುವಾಗುವ ಹೊತ್ತಿಗೆ ಸರಿಯಾಗಿ ಹಾಲಿನ ಟೀವಿ ಕಪ್ಪಾಗಿಬಿಟ್ಟಿತು. ಮಾತು ಕೇಳಿಸುತ್ತಿತ್ತು, ಚಿತ್ರ ಮಾತ್ರ ಇಲ್ಲ. ದೃಶ್ಯ ಮುಗಿದು ಜಾಹೀರಾತು ಬಂದ ಮೇಲೆ ಚಿತ್ರ ಮರಳಿತು. ಬೆಳಗಿನ ಮರುಪ್ರಸಾರ ನೋಡೋಣವೆಂದರೆ ಆ ಹೊತ್ತಿಗೆ ಅವನು ಬಸ್ಸಿನಲ್ಲಿರುತ್ತಾನೆ.

ಕೀಲಿ ಇರುತ್ತಿದ್ದದ್ದು ಹಾಲಿನ ಹಿಂಬಾಗಿಲಿನಾಚೆ, ಟೀ ಮಾಡುವ ಕೋಣೆಯ ಮೊಳೆಯಲ್ಲಿ. ಬೀರುವಿನ ಕೋಣೆಗೆ ಹೋಗುವುದೂ ಅದರ ಮೂಲಕವೇ. ಯಾರ ಕಣ್ಣಿಗೂ ಬೀಳದೆ ಅತ್ತ ಹೋಗಬಲ್ಲವರು ಹಿಂದಿನ ಸಾಲಿನ ಮೂವರು ಮಾತ್ರ. ಶುಕ್ರವಾರ ಮಧ್ಯಾಹ್ನ ಅಕ್ಕ ಅವರನ್ನು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಕರೆಸಿ, ಹಲ್ಲಿನ ಕುರ್ಚಿಯ ಮೇಲೇ ಕೂರಿಸಿ, ನಿನ್ನೆ ಸಂಜೆ ಏನೇನು ಕಂಡಿರಿ ಎಂದು ಕೇಳಿದಳು. ಪಕ್ಕದಲ್ಲಿ ನಿಂತ ಡ್ರೈವರಿಗೆ ಮೈಯೆಲ್ಲ ಕಿವಿ.

ಮೆಡಿಕಲ್ ಆಂಟಿ ಸಿಡಿಮಿಡಿಗೊಂಡೇ ಬಂದರು. ಅಂಗಡಿಯಿಂದ ಫೋನು ಬಂದಿತ್ತು, ಹೇಗೂ ಚಿತ್ರ ಹೋಗಿತ್ತಲ್ಲ ಎಂದು ಮುಂಬಾಗಿಲಿನಿಂದ ಹೊರಗೆ ಹೋಗಿ ಮಾತಾಡಿದೆ ಎಂದರು. ಎರಡನೆಯವನು ಬ್ಯಾಂಕಿನ ಗುಮಾಸ್ತ. ರಿಮೋಟನ್ನು ಯಾರ ಕೈಗೂ ಕೊಡದವನಾದ್ದರಿಂದ ಅವನನ್ನೇ ಎಲ್ಲರೂ ರಿಮೋಟು ಎನ್ನುತ್ತಿದ್ದರು. ಚಿತ್ರ ಹೋದಾಗಿನಿಂದ ಬರುವವರೆಗೂ ಟೀವಿಯ ನೆತ್ತಿ ತಟ್ಟುತ್ತಾ ಮುಂದೆಯೇ ನಿಂತಿದ್ದೆ, ತಂತಿ ಬದಲಿಸಬೇಕು ಅಂತ ಬಡಕೊಂಡರೂ ಯಾರೂ ಕೇಳಲಿಲ್ಲ, ಎಂದು ದೂರಿದ.

ಕೊನೆಗೆ ಯಜಮಾನರು ಬಂದರು. ಪಾಪ, ಹೆಂಡತಿಗೆ ರಾತ್ರಿಯಿಡೀ ನಿದ್ದೆ ಇಲ್ಲವೆಂದು ಅವರ ಮುಖವೂ ಬಾಡಿತ್ತು.

“ನಾನು ಜಾಗ ಬಿಟ್ಟು ಅಲ್ಲಾಡಲಿಲ್ಲಮ್ಮ,” ಎಂದರು. “ನಿನ್ನೆ ಯಾಕೋ ನಿದ್ದೇನೂ ಬರಲಿಲ್ಲ. ಆ ತಂಗಿ ಹಸಿರು ಛತ್ರಿ ಹಿಡ್ಕೊಂಡು ಕಟ್ಟೆ ಮೇಲೆ ನಡ್ಕೊಂಡು ಬರ್ತಾಳಲ್ಲ, ಕಣ್ಣು ಮಿಟುಕಿಸದೆ ನೋಡ್ತಾ ಕೂತಿದ್ದೆ.”

ಛತ್ರಿ ಹಸಿರೇ, ಎಂದು ಡ್ರೈವರು ಮನಸ್ಸಿನಲ್ಲೇ ಆ ದೃಶ್ಯಕ್ಕೆ ಬಣ್ಣ ತುಂಬಿಕೊಂಡ. ಅಕ್ಕ ಇನ್ನೇನೂ ಕೇಳಲಿಲ್ಲ. ಯಜಮಾನರಿಗೆ ಒಂದು ಹಲ್ಲು ಹುಳುಕಾಗಿದೆ, ತೋರಿಸಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದಳು.

ಆ ಸಂಜೆ ಹಾಲು ಗಿಜಿಗುಡುತ್ತಿತ್ತು. ಕಂತು ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಕಳ್ಳ ಸಿಗಬೇಕು, ಆದರೆ ಶೀರ್ಷಿಕೆ ಸಂಗೀತಕ್ಕೆ ಮುಂಚೆ ಸಿಗಬೇಕು. ಎಲ್ಲರ ಕಣ್ಣೂ ಒಮ್ಮೆ ಅಕ್ಕನ ಕಡೆ, ಒಮ್ಮೆ ಗಡಿಯಾರದ ಕಡೆ. ಅಕ್ಕ ಟೀವಿಯ ಮುಂದೆ ಬಂದು ನಿಂತಳು.

“ಕದ್ದೋರು ಈ ಧಾರಾವಾಹಿಯ ಅಭಿಮಾನಿ ಅಲ್ಲ,” ಎಂದಳು. “ಅಭಿಮಾನಿ ಆಗಿದ್ದರೆ ಸಹಿ ಇರೋ ಸೀಟೀನ ಬಿಟ್ಟು ಹೋಗ್ತಿದ್ರಾ? ಜೇಬಿಗೆ ಹಾಕ್ಕೊಂಡರೆ ಮುಗೀತು.”

ಹೌದಲ್ಲ ಎಂದು ಹಾಲು ಗುಜುಗುಜು ಎಂದಿತು. ಅಕ್ಕ ಮುಂದುವರಿಸಿದಳು. ಕೋಟು ವರ್ಷಗಟ್ಟಲೆ ಅಲ್ಲೇ ಇತ್ತು, ಕೀಲಿ ಎಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ದಿನ ಕದಿಯದವರು ಗುರುವಾರವೇ ಯಾಕೆ ಕದ್ದರು? ಬುಧವಾರ ಕೆಂಪು ಗುಂಡಿಯ ಸುದ್ದಿ ಬಂತು. ಭಾನುವಾರ ನಟಿ ಬಂದು ಕಾಲರು ತಿರುಗಿಸುತ್ತಾರೆ. ಗುಂಡಿ ಇದ್ದರೆ ಎಲ್ಲರಿಗೂ ಸಂತೋಷ. ಇರುವುದಿಲ್ಲ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಕೋಟು ಮಾಯವಾಗಬೇಕಿತ್ತು.

ಟೀಚರ ಮುಖ ಬಿಳಿಚಿಕೊಂಡಿತು. ಅಕ್ಕ ಹಾಲಿನ ಕಡೆ ತಿರುಗಿ, ತಂಗಿ ಹಿಡಿದಿದ್ದ ಛತ್ರಿಯ ಬಣ್ಣ ನಿನ್ನೆ ಇಲ್ಲಿ ಕೂತು ಯಾರು ನೋಡಿದಿರಿ, ಕೈಯೆತ್ತಿ, ಎಂದಳು. ಒಂದು ಕೈಯೂ ಮೇಲೇಳಲಿಲ್ಲ. ಕಪ್ಪು ಪರದೆಯಲ್ಲಿ ಯಾವ ಛತ್ರಿ? ಆಗ ಡ್ರೈವರಿಗೆ ಮಿಂಚು ಹೊಡೆದ ಹಾಗಾಯಿತು. ಮಧ್ಯಾಹ್ನ ತಾನೇ ಕೇಳಿಸಿಕೊಂಡ ಹಸಿರು ಛತ್ರಿ. ಅವನ ಕತ್ತು ತನ್ನಷ್ಟಕ್ಕೆ ಹಿಂದಿನ ಸಾಲಿನತ್ತ ಹೊರಳಿತು.

“ಆಂಟಿ, ರಿಮೋಟು, ಇಬ್ಬರೂ ಕೂತ ತಕ್ಷಣ ಹೇಳಿದ್ದು ಚಿತ್ರ ಹೋಗಿದ್ದನ್ನ,” ಎಂದಳು ಅಕ್ಕ. “ಯಜಮಾನ್ರೇ, ನಿಮಗೆ ಚಿತ್ರ ಹೋಗಿದ್ದೇ ಗೊತ್ತಿಲ್ಲ. ಆ ಹೊತ್ತಲ್ಲಿ ನೀವು ಇಲ್ಲಿರಲಿಲ್ಲ. ಯಾರಾದ್ರೂ ಕೇಳಿದ್ರೆ ಹೇಳೋಣ ಅಂತ, ಟೀಚರ್ ಶಾಲೆಗೆ ಹೋದ ಮೇಲೆ ಬೆಳಗ್ಗೆ ಕೂತು ಮರುಪ್ರಸಾರ ನೋಡಿದ್ದೀರಿ. ಈ ಧಾರಾವಾಹೀನ ಎಂದೂ ನೋಡದೋರು ಅದೊಂದು ಕಂತನ್ನ ಮನಸ್ಸಿಟ್ಟು ನೋಡಿದ್ದೀರಿ. ಕೋಟು ಇಲ್ಲಿಗೆ ತಂದೋರೂ ನೀವೇ.”

ಯಜಮಾನರು ಎದ್ದರು. ಹೊರಗೆ ಹೋಗಿ, ಸ್ಕೂಟರಿನ ಸೀಟಿನಡಿ ಮಡಚಿ ತುರುಕಿದ್ದ ಕೋಟನ್ನು ತಂದು ಹೆಂಡತಿಯ ಮಡಿಲಲ್ಲಿಟ್ಟರು. ಆಮೇಲೆ ನಿಧಾನಕ್ಕೆ ವಿಷಯ ಹೊರಬಿತ್ತು. ವರ್ಷಗಳ ಹಿಂದೆ ಅವರು ಸ್ಟುಡಿಯೋ ಮುಟ್ಟುವಷ್ಟರಲ್ಲಿ ಹರಾಜು ಮುಗಿದು, ಕೋಟು ಇನ್ನಾರದೋ ಪಾಲಾಗಿತ್ತು. ಬರಿಗೈಲಿ ಮನೆಗೆ ಹೋಗಲು ಕಾಲೇ ಬರಲಿಲ್ಲ. ಪೋಸ್ಟರು ತೋರಿಸಿ ಊರಾಚೆಯ ದರ್ಜಿಯಿಂದ ಅಂಥದ್ದೇ ಒಂದನ್ನು ಹೊಲಿಸಿದ್ದರು.

“ಕೊಟ್ಟ ರಾತ್ರೀನೇ ಹೇಳೋಣ ಅಂತಿದ್ದೆ ಕಣೆ,” ಎಂದರು. “ನೀನು ಅದನ್ನ ತಬ್ಕೊಂಡು ಅತ್ತುಬಿಟ್ಟೆ. ಮಾರನೇ ದಿನ ಜನ ನೋಡೋಕೆ ಬಂದರು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?”

ಟೀಚರ್ ಬಹಳ ಹೊತ್ತು ಕೋಟಿನ ಮೇಲೆ ಕೈಯಾಡಿಸಿದರು. ನಂತರ ಎದ್ದು ಮೊದಲು ಹೋದದ್ದು ಮೆಡಿಕಲ್ ಆಂಟಿಯ ಹತ್ತಿರ. ಅವರ ಎರಡೂ ಕೈ ಹಿಡಿದು ತಪ್ಪಾಯಿತು ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. “ಕೋಟು ಸುಳ್ಳಾದ್ರೆ ಸುಳ್ಳಾಗ್ಲಿ. ಇವರು ಅಷ್ಟು ಜನರೆದುರು ಅಳ್ತಿದ್ರೆ ಸುಮ್ನೆ ಕೂತಿದ್ರಲ್ಲ, ಅದನ್ನ ನಾನು ಮರೆಯಲ್ಲ.” ಯಜಮಾನರು ತಲೆ ತಗ್ಗಿಸಿ ಆಂಟಿಯ ಮುಂದೆ ನಿಂತರು. ಆಂಟಿ ಮೂಗೊರೆಸಿಕೊಂಡು, ಸಾಕು ಕೂತ್ಕೊಳಿ, ಶುರುವಾಗುತ್ತೆ, ಎಂದರು. ಅಷ್ಟರಲ್ಲಿ ಶೀರ್ಷಿಕೆ ಸಂಗೀತ ಮೊಳಗಿತು. ಟೀಚರ್ ಗಂಡನ ಮಣಿಕಟ್ಟು ಹಿಡಿದು ಮುಂದಿನ ಸಾಲಿಗೆ ಎಳೆದು ಕೂರಿಸಿದರು.

ಭಾನುವಾರ ನಟಿ ಒಳಗೆ ಕಾಲಿಡುತ್ತಿದ್ದಂತೆ ಟೀಚರೇ ಎಲ್ಲವನ್ನೂ ಹೇಳಿಬಿಟ್ಟರು. ನಟಿ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತೊಟ್ಟುಕೊಂಡು, ಸಂಜೆಯವರೆಗೂ ಬಿಚ್ಚಲಿಲ್ಲ.

ಸೋಮವಾರ ಬೆಳಗ್ಗೆ ಡ್ರೈವರನ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೂ ಒಬ್ಬರು ಕೂತೇ ಇದ್ದರು. ಯಜಮಾನರು. ಎದ್ದು ಬಂದು ಡ್ರೈವರನ ಸೀಟಿನ ಕಂಬಿ ಹಿಡಿದು ನಿಂತು, ಸ್ವಲ್ಪ ನಾಚಿಕೆಯಿಂದಲೇ, ಆ ತಂಗಿ ಕಳೆದುಹೋದದ್ದಾದರೂ ಹೇಗೆ ಎಂದು ಕೇಳಿದರು.

ಕತೆಯೇ ಗೊತ್ತಿಲ್ಲದ ಮನುಷ್ಯ, ಕೇಳಲು ತಾನಾಗಿಯೇ ಬಂದಿದ್ದಾರೆ. ಇಂಥ ಭಾಗ್ಯ ಡ್ರೈವರಿಗೆ ಈವರೆಗೆ ಒದಗಿರಲಿಲ್ಲ. ಅವನು ಇಂಜಿನ್ನು ಆರಿಸಿ, ಸೀಟಿನಲ್ಲೇ ಪೂರ್ತಿ ಹಿಂದೆ ತಿರುಗಿ ಕೂತು ಮೊದಲ ಕಂತಿನಿಂದ ಶುರು ಮಾಡಿದ. ವಾಪಸು ಹೋಗುವ ಪ್ರಯಾಣಿಕರು ಹತ್ತತೊಡಗಿದರು. ಹಡಗಿಗೆ ಬೆಂಕಿ ಬೀಳುವ ಜಾಗಕ್ಕೆ ಬಂದಾಗ ಯಾರೋ ಹೆಂಗಸು ಹಿಂದಿನಿಂದ, “ಅದಕ್ಕೆ ಮುಂಚೆ ಮಗು ಅದಲುಬದಲಾಗಿದ್ದು ಬಿಟ್ಟುಬಿಟ್ರಲ್ಲ,” ಎಂದು ತಿದ್ದಿದಳು. ಇನ್ನೊಬ್ಬರು ಅಲ್ಲವೇ ಅಲ್ಲ, ಅದು ಆಮೇಲೆ, ಎಂದರು. ಬಸ್ಸಿಗೆ ಬಸ್ಸೇ ಮಾತಿಗಿಳಿಯಿತು. ಹೊರಡುವ ಹೊತ್ತು ಮೀರಿತೆಂದು ಕಂಡಕ್ಟರು ಎರಡೆರಡು ಸಲ ಸೀಟಿ ಊದಿದ. ಮೂರನೆಯ ಸಲ ಊದುವ ಬದಲು ತಾನೂ ಹತ್ತಿರ ಬಂದು, ಮಗು ಯಾರ ಕೈಲಿತ್ತು ಎಂದು ಕೇಳಿದ.