ಹಸಿದ ತೊಟ್ಟಿ

ಹೊಸ ಮೀನನ್ನು ಭಾವ ಚೀಲದಿಂದ ನೇರವಾಗಿ ತನ್ನ ಸಾಕುಮೀನಿನ ಅಂಗಡಿಯ ದೊಡ್ಡ ಗಾಜಿನ ತೊಟ್ಟಿಗೆ ಸುರಿದಿದ್ದ. "ಕೆಲವು ವಾರ ಬೇರೆ ಇಟ್ಟು ನೋಡೋಣ ಭಾವ, ರೋಗ ಇದ್ರೆ ಗೊತ್ತಾಗುತ್ತೆ" ಎಂದು ಅಲ್ಲಿ ಮೀನು ನೋಡಿಕೊಳ್ಳುವ ಅವನು ಗೋಗರೆದಿದ್ದ. "ಬಂದ ನೆಂಟ್ರನ್ನ ಹೊಸಿಲಲ್ಲೇ ನಿಲ್ಲಿಸ್ತಾರೇನೋ?" ಎಂದು ಭಾವ ನಕ್ಕಿದ್ದ.

ವಾರದೊಳಗೆ ಎಲ್ಲ ಮೀನುಗಳ ಮೈಮೇಲೂ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಪರಾವಲಂಬಿ ಕಿವಿರುಗಳಿಗೂ ಹೊಕ್ಕಿತು. ಅವನು ಬೆರಳುದ್ದದ ಮರಿಯಿಂದ ಸಾಕಿದ, ಅವನ ಕೈಯಿಂದಲೇ ತಿನ್ನುತ್ತಿದ್ದ ನೀಲಿ ಮೀನು ಕಲ್ಲಿಗೆ ಮೈ ಉಜ್ಜಿ ಉಜ್ಜಿ ಸತ್ತಿತು. ಭಾವ ಅದನ್ನು ಕಸದ ಬುಟ್ಟಿಗೆ ಎಸೆದು, ಗಿರಾಕಿಗಳ ಮುಂದೆಯೇ ಹೇಳಿದ: "ಇವನ ಕೈಗುಣ ಸರಿಯಿಲ್ಲ. ತಿಂಗಳ ಕೊನೆಗೆ ಕೆಲಸ ಬಿಡಿಸ್ತೀನಿ." ಆ ತೊಟ್ಟಿ ಬಿಟ್ಟರೆ ಅವನಿಗೆ ಬದುಕಲ್ಲಿ ಬೇರೇನೂ ಇರಲಿಲ್ಲ. ಭಾವನನ್ನು ಕೊಲ್ಲಬೇಕೆಂದು ಅವನಿಗೆ ಅನಿಸಿದ್ದು ಆಗಲೇ.

ಆದರೆ ಅವನು ಭಾವನಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಉಳಿದ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ತಾಮ್ರದ ಔಷಧಿ ಕೊಟ್ಟ. ದೊಡ್ಡ ತೊಟ್ಟಿ ಮೀನಿಲ್ಲದೆ ಕೆಲವು ವಾರ ಇದ್ದರೆ ಸಾಕು, ಅಂಟಿಕೊಳ್ಳಲು ಮೈ ಸಿಗದೆ ಪರಾವಲಂಬಿಗಳು ತಾವೇ ಸಾಯುತ್ತವೆ. ಅಲ್ಲಿ ಉಳಿದದ್ದು ಕಲ್ಲಿನ ಸಂದುಗಳ ಸಿಗಡಿ, ಏಡಿ, ಹುಳುಗಳು ಮಾತ್ರ. ತಾಮ್ರ ಅವಕ್ಕೆ ವಿಷ. ಅದಕ್ಕೇ ಬಲೆ, ಬಕೆಟ್ಟು ಎಲ್ಲ ಬೇರೆ ಬೇರೆ ಇಟ್ಟಿದ್ದ. ಆ ಏಡಿ ಸಿಗಡಿಗಳಿಗೆ ಊಟ ನಿಲ್ಲಿಸಿದ. ಒಂದು ಸಂಜೆ ಮಾಂಸದ ತುಂಡು ಹಾಕಿ ನೋಡಿದ. ಬೆಳಗಿನ ಹೊತ್ತಿಗೆ ಬರೀ ಮೂಳೆ, ತೊಳೆದಿಟ್ಟಷ್ಟು ಶುಭ್ರ.

ಸಾಕ್ಷ್ಯವನ್ನು ತಿಂದು ಮುಗಿಸುವವರು ಸಿಕ್ಕಿದ್ದರು. ಭಾವನನ್ನು ತೊಟ್ಟಿಯ ಕಲ್ಲಿನಿಂದಲೇ ಹೊಡೆದು ಆ ಕಲ್ಲನ್ನು ಅಲ್ಲಿಗೇ ಹಾಕಿಬಿಟ್ಟರೆ, ಅಷ್ಟು ಕಲ್ಲುಗಳ ನಡುವೆ ಇನ್ನೊಂದು ಕಲ್ಲು. ಕೆಂಪನ್ನು ಫಿಲ್ಟರ್ ಎಳೆದುಕೊಳ್ಳುತ್ತದೆ. ಹಿಂಬಾಗಿಲ ಬೀಗ ಒಡೆದಿದ್ದರೆ ಪೊಲೀಸರು ಕಳ್ಳನನ್ನು ಹುಡುಕುತ್ತಾರೆ.

ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ಅವನು ರಬ್ಬರ್ ಏಪ್ರನ್ನು, ಕೈಗವಸು ತೊಟ್ಟು ಒಳಬಂದಾಗ ಭಾವ ತೊಟ್ಟಿಯ ಬಳಿಯೇ ನಿಂತಿದ್ದ. ಅವನು ಭಾವನ ಪಕ್ಕ ನಿಂತು, ದಿನವೂ ಮಾಡುವಂತೆ ನೀರಿಗೆ ಕೈಯಿಳಿಸಿ ಒಂದು ಕಲ್ಲು ಎತ್ತಿಕೊಂಡ.

"ಬಂದ್ಯಾ? ನೀನಿನ್ನು ವಾರಗಟ್ಟಲೆ ಕಾಯೋದೇ ಬೇಡ ಕಣೋ, ನಾನೇ..."

ಭಾವನ ಮಾತು ಮುಗಿಯುವ ತನಕ ಕಾಯಲು ಅವನಿಗೆ ಮನಸ್ಸಾಗಲಿಲ್ಲ. ಮೊದಲ ಏಟಿಗೆ ಭಾವ ಮಂಡಿಯೂರಿದ. ಎರಡನೆಯದಕ್ಕೆ ತಲೆಬುರುಡೆ ಒಳಗೆ ಕುಸಿದದ್ದು ಅವನ ಮೊಣಕೈಗೇ ತಿಳಿಯಿತು. ಭಾವನ ಕೈಯಿಂದ ಎಂಥದೋ ಮುಚ್ಚಳ ಉರುಳಿ ತೊಟ್ಟಿಯ ಸ್ಟ್ಯಾಂಡಿನ ಅಡಿ ಸೇರಿತು. ಇನ್ನೂ ಉಸಿರಿತ್ತು, ಮುಖದ ಮೇಲೆ ಮತ್ತೆ ಮತ್ತೆ ಹೊಡೆದ, ಅದು ಮುಖವಾಗಿ ಉಳಿಯದಾಗುವ ತನಕ. ಹಾಯೆನಿಸಿತು. ಚರ್ಮ ಕೂದಲು ಮೆತ್ತಿದ ಕಲ್ಲನ್ನು ಏಡಿಗಳ ಬಿಲದ ಎದುರಿಗೇ ಇಟ್ಟು, ಏಪ್ರನ್ನು ತೊಳೆದು, ಬೀಗ ಒಡೆದು, ಅಕ್ಕನ ಮನೆಗೆ ಊಟಕ್ಕೆ ಹೋದ.

ಬೆಳಗ್ಗೆ ಅಂಗಡಿಯಲ್ಲಿ ಅವನು ಅಕ್ಕನ ಭುಜ ಹಿಡಿದು ಚೆನ್ನಾಗಿಯೇ ಅಳುತ್ತಿದ್ದ. ಇನ್ಸ್‌ಪೆಕ್ಟರ್ ತೊಟ್ಟಿಯ ಗಾಜಿಗೆ ಮುಖವಿಟ್ಟು ಬಗ್ಗಿದರು. "ಇವೆಲ್ಲಾ ಯಾಕ್ರೀ ಸತ್ತುಹೋಗಿದಾವೆ?" ಅವನು ತಿರುಗಿದ. ಸಿಗಡಿಗಳು ಬೆಳ್ಳಗೆ ಬೋರಲು ಬಿದ್ದಿದ್ದವು, ಏಡಿಗಳು ಅಂಗಾತ. ಅವುಗಳ ನಡುವೆ, ಯಾರೂ ಬಾಯಿ ಹಾಕದ ಕಲ್ಲಿನ ಮೇಲೆ, ಭಾವನ ಕೂದಲು ನೀರಿನ ಸೆಳೆತಕ್ಕೆ ಮೆಲ್ಲಗೆ ಆಡುತ್ತಿತ್ತು. ಪೇದೆ ಸ್ಟ್ಯಾಂಡಿನ ಅಡಿಯಿಂದ ಮುಚ್ಚಳ ಹೆಕ್ಕಿದ. ನೀಲಿ ಮುಚ್ಚಳ, ತಾಮ್ರದ ಔಷಧಿಯದು. ಜೀವಮಾನದಲ್ಲಿ ಮೊದಲ ಸಲ ಭಾವ ತಾನಾಗಿಯೇ ತೊಟ್ಟಿಗೆ ಔಷಧಿ ಹಾಕಿದ್ದ.