ಒಳ್ಳೇ ಮಣ್ಣು

ಕೆರೆ ಏರಿಯ ಮೇಲೆ ನಿಂತು ಆದಿಲಕ್ಷ್ಮಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡಿದಳು. ಸೊಂಟದ ಮೇಲೆ ಖಾಲಿ ಬುಟ್ಟಿ, ಕೈಯಲ್ಲಿ ಮೊಂಡು ಗುದ್ದಲಿ.

ಎಡಕ್ಕೆ ಬತ್ತಿದ ಕೆರೆ. ಅಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಕಪ್ಪಗೆ, ಮೆತ್ತಗೆ ಬಿದ್ದಿತ್ತು. ನಾಲ್ಕು ಹೆಜ್ಜೆ ಇಳಿದರೆ ಸಾಕು. ಬಲಕ್ಕೆ ಮುತ್ಯಾಲಮ್ಮನ ಚೌಳು ಹೊಲ. ಅದಕ್ಕೆ ಏರಿ ಇಳಿಯಬೇಕು, ಬದುಗಳನ್ನು ದಾಟಬೇಕು, ಹುಣಸೆಮರವನ್ನೂ ದಾಟಿ ಹೋಗಬೇಕು. ನೆಲದ ಮೇಲೆ ಯಾರೋ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಒಂದು ಹುಲ್ಲುಕಡ್ಡಿಯೂ ಇಲ್ಲ.

“ಹದಿನೈದು ಬುಟ್ಟಿ ಚೌಳು ಬೇಕು ಕಣಮ್ಮ. ಅಗೆಯೋ ಮುಂಚೆ ಮುತ್ಯಾಲಮ್ಮಂಗೆ ಒಂದು ಮಾತು ಹೇಳು,” ಎಂದು ತಾತ ಕೋದಂಡರಾಮಪ್ಪ ಹೇಳಿ ಕಳಿಸಿದ್ದ.

ಆದಿಯದು ಮಿದ್ದೆ ಮನೆ, ಮಣ್ಣಿನ ಮಟ್ಟಸ ಮಾಳಿಗೆಯದು. ತೊಲೆಗಳ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಅದರ ಮೇಲೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ಪದರ ಚೌಳು ಮಣ್ಣು ಹರಡಬೇಕು. ಆ ಕೆಲಸ ಅಪ್ಪನದು. ಆದರೆ ಈ ವರ್ಷ ಯುದ್ಧದ ಸಿಪಾಯಿಗಳಿಗೆ ಕಟ್ಟುವ ಕಟ್ಟಡಗಳ ದೆಸೆಯಿಂದ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಬಿಡುವಿಲ್ಲದ ಕೆಲಸ. ಊರವರ ಮನೆಗೆಲ್ಲ ಇಟ್ಟಿಗೆ ಸುಡುವ ಅಪ್ಪನಿಗೆ ಸ್ವಂತ ಮನೆಗೆ ಒಂದು ಬುಟ್ಟಿ ಮಣ್ಣು ಹಾಕಲು ರಜೆ ಸಿಕ್ಕಿರಲಿಲ್ಲ.

ತಾತನಿಗೆ ಮಂಡಿನೋವು, ಮೇಲಾಗಿ ಕಣ್ಣಿಗೆ ಪೊರೆ ಬಂದಿತ್ತು. ಅಮ್ಮ ಬೈರಕೂರಿಗೆ ಹೋಗಿದ್ದಳು. ಅಲ್ಲಿಂದ ಅಕ್ಕ ಗಂಗರತ್ನಳನ್ನು ಹೆರಿಗೆಗೆ ಕರೆದುಕೊಂಡು ಬರಬೇಕಾಗಿತ್ತು. ಅಕ್ಕ ಮಲಗುವ ಕೋಣೆಯ ಮೇಲೇ ಮಣ್ಣು ತೆಳ್ಳಗಾಗಿತ್ತು. ಇನ್ನುಳಿದವಳು ಹತ್ತು ವರ್ಷದ ಆದಿ. “ನಾನೇ ಹಾಕ್ತೀನಿ ತಾತ,” ಎಂದು ಅವಳೇ ಮುಂದೆ ಬಂದಿದ್ದಳು.

ಆದರೆ ಈಗ ಏರಿಯ ಮೇಲೆ ಅವಳ ತಲೆಯೊಳಗೆ ಮೇಷ್ಟ್ರ ಪಾಠ ಓಡತೊಡಗಿತು. ಹೋದ ತಿಂಗಳಷ್ಟೇ ಮೇಷ್ಟ್ರು ಸ್ಲೇಟಿನ ಮೇಲೆ ಬರೆಸಿದ್ದರು: ‘ಕೆರೆಗೋಡು ಬಂಗಾರ. ಚೌಳು ಮಣ್ಣು ಕೆಟ್ಟ ಮಣ್ಣು. ಅದರಲ್ಲಿ ಏನೂ ಬೆಳೆಯುವುದಿಲ್ಲ.’ ಆದಿಗೆ ಅದಕ್ಕೆ ಹತ್ತಕ್ಕೆ ಹತ್ತು ಮಾರ್ಕು ಬಂದಿತ್ತು.

‘ಅಕ್ಕನ ಕೋಣೆಗೆ ಕೆಟ್ಟ ಮಣ್ಣು ಯಾಕೆ ಹಾಕಬೇಕು? ಪಾಪು ಹುಟ್ಟೋ ಕೋಣೆ ಅದು. ಬಂಗಾರದಂಥ ಮಣ್ಣೇ ಹಾಕೋಣ.’

ಹೀಗೆಂದುಕೊಂಡು ಅವಳು ಎಡಕ್ಕೆ ಇಳಿದಳು. ಕೆರೆ ಹತ್ತಿರವಿತ್ತು, ಮುತ್ಯಾಲಮ್ಮ ಸಿಡುಕಿ ಎಂಬ ಹೆಸರಿತ್ತು, ಬಿಸಿಲೂ ಏರುತ್ತಿತ್ತು. ಅವೆಲ್ಲ ಲೆಕ್ಕಕ್ಕೇ ಬರಲಿಲ್ಲ ಎಂದು ನಾವು ಹೇಳಿದರೆ ಆದಿಯೇ ನಗುತ್ತಾಳೆ.

ಎರಡು ದಿನ ಹೊತ್ತಳು. ಕತ್ತು ನೋಯಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಏಣಿ ಹತ್ತಿ ಒಂದೊಂದೇ ಬುಟ್ಟಿ ಸುರಿದಳು. ತಾತ ಕೆಳಗೆ ಜಗುಲಿಯ ಮೇಲೆ ಕೂತು ಹೇಳಿಕೊಡುತ್ತಿದ್ದ.

“ಸೂರಿನ ದೋಣಿ ಕಡೆಗೆ ಇಳಿಜಾರು ಮಾಡು. ನೀರು ಅಲ್ಲೇ ಹರಿದು ಬೀಳಬೇಕು. ಮೂಲೇಲಿ ತೆಳ್ಳಗಾದ್ರೆ ಇನ್ನೊಂದು ಬುಟ್ಟಿ ಹಾಕು.”

“ಹ್ಞೂಂ ತಾತ.”

“ಒಳ್ಳೇ ಮಣ್ಣು ತಾನೇ?”

“ಬಲು ಒಳ್ಳೇ ಮಣ್ಣು ತಾತ.”

ಆದಿ ಸುಳ್ಳು ಹೇಳಲಿಲ್ಲ. ತಾತನೂ ತಪ್ಪು ಕೇಳಲಿಲ್ಲ. ಆದರೆ ತಾತ ಕೇಳಿದ್ದು ಒಂದು, ಮೊಮ್ಮಗಳು ಹೇಳಿದ್ದು ಇನ್ನೊಂದು.

ಮೂರನೆಯ ದಿನ ಗಾಡಿ ಬಂತು. ಅಕ್ಕ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಮೆಲ್ಲಗೆ ಇಳಿದಳು. ಆದಿ ಅವಳ ಕೈ ಹಿಡಿದು ಸೀದಾ ಕೋಣೆಗೆ ಕರೆದೊಯ್ದಳು.

“ಅಕ್ಕಾ, ಮೇಲೆ ಮಣ್ಣು ಹಾಕಿದ್ದು ನಾನೇ. ಪೂರ್ತಿ ನಾನೇ.”

“ನೀನಾ?” ಅಕ್ಕ ಅವಳ ಅಂಗೈ ತಿರುಗಿಸಿ ಬೊಬ್ಬೆಗಳನ್ನು ನೋಡಿದಳು. “ನನ್ನ ಬಂಗಾರ ಕಣೇ ನೀನು.”

ಅಮ್ಮ ಆದಿಯ ಕೈಗೆ ಹರಳೆಣ್ಣೆ ಸವರಿದಳು. ಆ ದಿನ ಆದಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ರೋಹಿಣಿ ಮಳೆ ಎಂಟು ದಿನಕ್ಕೇ ಬಂತು. ಮೊದಲು ತುಂತುರು, ಮಾರನೆಯ ದಿನ ಇನ್ನಷ್ಟು, ಆರನೆಯ ದಿನ ಮಧ್ಯಾಹ್ನ ಧೋ ಎಂದು ಸುರಿಯಿತು. ಆದಿ ಅಕ್ಕನ ಪಕ್ಕದಲ್ಲಿ ಕೂತು ಹಳೆಯ ಸೀರೆಗಳನ್ನು ಪಾಪುವಿಗಾಗಿ ಚೌಕ ಚೌಕ ಹರಿದು ಮಡಿಸುತ್ತಿದ್ದಳು.

ಟಪ್.

ಬಿಳಿ ಬಟ್ಟೆಯ ಮೇಲೆ ಒಂದು ಕರೀ ಹನಿ. ಇಬ್ಬರೂ ಮೇಲೆ ನೋಡಿದರು. ಎರಡನೆಯ ಹನಿ ಅಕ್ಕನ ಹಣೆಯ ಮೇಲೆ ಬಿತ್ತು. ಆಮೇಲೆ ಎಣಿಸುವುದಕ್ಕೆ ಆಗಲಿಲ್ಲ. ಅಮ್ಮ ಓಡಿ ಬಂದು ಅಕ್ಕನನ್ನು ಎಬ್ಬಿಸಿ ಅಡುಗೆಮನೆಯ ಒಲೆ ಪಕ್ಕ ಕೂರಿಸಿದಳು. ಚಾಪೆ, ಕಂಬಳಿ, ಪಾಪುವಿನ ಬಟ್ಟೆ ಎಲ್ಲ ಕೆಸರಾಗಿತ್ತು.

ಮಳೆ ನಿಂತಿತೋ ಇಲ್ಲವೋ, ಅಮ್ಮ ಏಣಿ ಹತ್ತಿದಳು. ಹಿಂದೆಯೇ ಆದಿ. ಮಿದ್ದೆಯ ಮೇಲೆ ಕಾಲಿಟ್ಟರೆ ಪಾದ ಹೂತುಹೋಗುತ್ತಿತ್ತು. ಅಷ್ಟೇ ಅಲ್ಲ, ಎಲ್ಲೆಲ್ಲೂ ಹಸಿರು ಮೊಳಕೆ. ಹುಲ್ಲು, ಅಣ್ಣೆಸೊಪ್ಪು, ಎಲ್ಲಿಂದಲೋ ಬಂದ ನಾಲ್ಕು ರಾಗಿ ಪೈರು.

ಅಮ್ಮ ಒಂದು ಹಿಡಿ ಮಣ್ಣು ಎತ್ತಿ ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು.

“ಇದು ಕೆರೆಗೋಡಲ್ವೇನೇ?”

“ಹೌದಮ್ಮ. ಮೇಷ್ಟ್ರು ಹೇಳಿದ್ರು, ಇದೇ ಒಳ್ಳೇ ಮಣ್ಣು ಅಂತ.” ಅಷ್ಟು ಹೇಳುವುದರಲ್ಲಿ ಆದಿಗೆ ಅಳು ಬಂದುಬಿಟ್ಟಿತು. “ಅಕ್ಕಂಗೆ ಒಳ್ಳೇದೇ ಹಾಕೋಣ ಅಂತ...”

ಅಮ್ಮ ಬೈಯಲು ಬಾಯಿ ತೆರೆದವಳು ಆದಿಯ ಅಂಗೈ ನೋಡಿ ಹಿಡಿಯಲ್ಲಿದ್ದ ಮಣ್ಣನ್ನು ಕೊಡವಿದಳು. ಕೆಳಗಿನಿಂದ ತಾತ, “ಶಾಮಲಾ, ಅವಳನ್ನ ಅನ್ನಬೇಡ. ಒಂದು ಚೂರು ಕೈಗೆ ಕೊಡಮ್ಮ ಅಂತ ನಾನು ಕೇಳಬೇಕಾಗಿತ್ತು. ಕಣ್ಣು ಹೋದ್ರೆ ರುಚಿ ನೋಡೋಕೆ ನಾಲಿಗೆ ಇರಲಿಲ್ವಾ?” ಎಂದ.

“ಅದೆಲ್ಲ ಆಮೇಲೆ ಮಾವ. ಮಗಳಿಗೆ ದಿನ ತುಂಬ್ತಾ ಐತೆ. ಇವತ್ತೋ ನಾಳೆನೋ ಅನ್ನೋ ಹಾಗೈತೆ. ಹಸೀ ಕೋಣೇಲಿ ಬಾಣಂತೀನ ಹೆಂಗೆ ಮಲಗಿಸೋದು? ಚೌಳೂ ನೆಂದಿರುತ್ತೆ ಈಗ.” ಅಮ್ಮನ ಧ್ವನಿ ನಡುಗಿತು. ಅಮ್ಮನ ಧ್ವನಿ ನಡುಗಿದ್ದನ್ನು ಆದಿ ಅದುವರೆಗೆ ಕೇಳಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಏಣಿ ಇಳಿದಳು. ಏರಿ ಹತ್ತಿ, ಈ ಸಲ ಬಲಕ್ಕೆ ಇಳಿದು ಓಡಿದಳು.

ಮುತ್ಯಾಲಮ್ಮನದು ಹುಲ್ಲಿನ ಗುಡಿಸಲು. ಮುಂದೆ ಬೋಳು ಅಂಗಳ. ಅಲ್ಲಿ ಮೂರು ಒಡಕು ಮಡಕೆಗಳಲ್ಲಿ ಮಣ್ಣು ತುಂಬಿ, ಒಂದೊಂದು ಬಡಕಲು ದಂಟಿನ ಗಿಡ ಬೆಳೆಸಿದ್ದಳು. ಮುದುಕಿ ಬಾಗಿಲಲ್ಲೇ ಕೂತಿದ್ದಳು.

“ಏಮೇ, ಎವರು ನುವ್ವು? ಯಾರೇ ನೀನು, ಯಾರ ಮಗಳು?”

“ಶಾಮಲಮ್ಮನ ಮಗಳು ಅಜ್ಜಿ. ಚೌಳು ಬೇಕಿತ್ತು.”

“ಮಳೆ ಬಿದ್ದ ಮೇಲೆ ಬಂದ್ಯಾ? ಬೇಸಿಗೇಲಿ ಏನು ಮಾಡ್ತಿದ್ದೆ?”

ಆದಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೆರೆಗೋಡು, ಮೇಷ್ಟ್ರು, ಕರೀ ಹನಿ, ಅಕ್ಕನ ಹಣೆ. ಒಂದನ್ನೂ ಬಿಡಲಿಲ್ಲ. ಮುತ್ಯಾಲಮ್ಮ ಬೈಯುತ್ತಾಳೆಂದು ಕಾದಳು. ಮುದುಕಿ ಎದ್ದು ಸೂರಿನ ಕೆಳಗಿದ್ದ ಈಚಲು ಚಾಪೆಯನ್ನು ಎತ್ತಿದಳು. ಅಡಿಯಲ್ಲಿ ಸೊಂಟದೆತ್ತರದ ರಾಶಿ. ಒಣಗಿದ, ಹಿಟ್ಟಿನಂಥ, ಬೂದುಬಣ್ಣದ ಚೌಳು.

“ವರ್ಷ ವರ್ಷ ಯಾರಾದ್ರೂ ಒಬ್ಬರು ಮರೀತಾರೆ. ಮಳೆ ಬಿದ್ದ ಮೇಲೆ ಅಳ್ತಾ ಬರ್ತಾರೆ. ಅದಕ್ಕೇ ಬೇಸಿಗೇಲಿ ಗುಡಿಸಿ ಇಟ್ಟಿರ್ತೀನಿ.” ಅವಳು ಒಂದು ಚಿಟಿಕೆ ಆದಿಯ ಕೈಗೆ ಹಾಕಿದಳು. “ನಾಲಿಗೆಗೆ ಇಡು.”

“ಥೂ. ಉಪ್ಪು, ಕಹಿ.”

ಮುತ್ಯಾಲಮ್ಮ ಮೂಲೆಯಲ್ಲಿದ್ದ ಚೊಂಬಿನಿಂದ ರಾಶಿಯ ಅಂಚಿಗೆ ಸ್ವಲ್ಪ ನೀರು ಹಾಕಿದಳು. ನೀರು ಒಳಗೆ ಇಳಿಯಲೇ ಇಲ್ಲ. ಮೇಲಿನ ಮಣ್ಣು ಕಲಸಿದ ಹಿಟ್ಟಿನ ಹಾಗೆ ಅಂಟಿಕೊಂಡಿತು, ನೀರು ಪಕ್ಕಕ್ಕೆ ಹರಿದುಹೋಯಿತು.

“ನೋಡಿದ್ಯಾ? ನಿನ್ನ ಕೆರೆಗೋಡು ನೀರು ಕುಡೀತದೆ, ಅದಕ್ಕೇ ಪೈರು ಬರ್ತದೆ. ಈ ಚೌಡು, ನೀವು ಚೌಳು ಅನ್ನೋದು, ನೀರು ಕುಡಿಯಲ್ಲ. ಅದಕ್ಕೇ ನನ್ನ ಹೊಲದಲ್ಲಿ ಒಂದು ಕಾಳು ಆಗಲ್ಲ. ಅದಕ್ಕೇ ನಿಮ್ಮ ಮಿದ್ದೆ ಸೋರಲ್ಲ.”

“ನಿಂಗೆ ಮಿದ್ದೆ ಇಲ್ವಾ ಅಜ್ಜಿ?”

“ಮಿದ್ದೆ ಇರೋರ ಹತ್ರ ಚೌಡಿಲ್ಲ, ಚೌಡಿರೋಳ ಹತ್ರ ಮಿದ್ದೆ ಇಲ್ಲ,” ಎಂದು ಮುತ್ಯಾಲಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. “ಮಾತು ಸಾಕು, ಬುಟ್ಟಿ ತಾ. ಬಾಣಂತಿ ಕಾಯಲ್ಲ.”

ಆದಿ ಬುಟ್ಟಿ ತಂದು, ಕತ್ತಲಾಗುವವರೆಗೆ ಒಣ ಚೌಳನ್ನು ಹೊತ್ತು ಮನೆಯ ಜಗುಲಿಯ ಮೇಲೆ ಸುರಿದಳು. ಮಾರನೆಯ ದಿನ ಪುಣ್ಯಕ್ಕೆ ಬಿಸಿಲು ಬಂತು. ಅಮ್ಮ ಮತ್ತು ಆದಿ ಬೆಳಗಿನಿಂದ ಕೆರೆಗೋಡನ್ನು ಕೆರೆದು ಕೆಳಗಿಳಿಸಿದರು. ಮಿದ್ದೆ ಮಧ್ಯಾಹ್ನದ ಬಿಸಿಲಿಗೆ ಆರಿತು. ಅಷ್ಟರಲ್ಲಿ ಮುತ್ಯಾಲಮ್ಮ ತಲೆಯ ಮೇಲೆ ಒಂದು ಬುಟ್ಟಿ ಹೊತ್ತು ತಾನೇ ಬಂದಳು, ಯಾರೂ ಕರೆದಿರಲಿಲ್ಲ. ಎಪ್ಪತ್ತು ವರ್ಷದ ಮುದುಕಿ ಏಣಿ ಹತ್ತಿದ್ದನ್ನು ನೋಡಿ ತಾತನಿಗೆ ನಾಚಿಕೆಯಾಗಿ, ಮಂಡಿ ಹಿಡಿದುಕೊಂಡೇ ಅವನೂ ಅಂಗಳಕ್ಕೆ ಬಂದು ಬುಟ್ಟಿ ಎತ್ತಿಕೊಟ್ಟ.

“ಒಣಗಿದ್ದನ್ನ ಒಣಗಿದ ಹಾಗೇ ಹರಡು. ಕಲಸಬೇಡ, ಕಲಸೋದು ಮಳೆ ಕೆಲಸ,” ಎನ್ನುತ್ತಾ ಮುತ್ಯಾಲಮ್ಮ ಮುಂದೆ ಮುಂದೆ ಹರಡಿದಳು. ಅಮ್ಮ ಮರದ ಕೊಡತಿಯಿಂದ ಮೆಲ್ಲಗೆ ಬಡಿದಳು. ಆದಿ ಪಾದಕ್ಕೆ ಪಾದ ಸೇರಿಸಿ ತುಳಿದಳು.

ಸಂಜೆಗೆ ಕೆಲಸ ಮುಗಿಯಿತು. ಅಂಗಳದಲ್ಲಿ ಕೆರೆಗೋಡಿನ ಗುಡ್ಡೆ ಉಳಿಯಿತು.

“ಇದನ್ನ ತಿಪ್ಪೆಗೆ ಹಾಕು ಆದಿ,” ಎಂದಳು ಅಮ್ಮ.

ಆದಿ ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡಳು. ಅವಳ ಕಣ್ಣಿಗೆ ಆ ಮೂರು ಒಡಕು ಮಡಕೆಗಳು ಕಟ್ಟಿದಂತಿದ್ದವು. “ತಿಪ್ಪೆಗೆ ಬೇಡಮ್ಮ. ಅಜ್ಜಿ ಮನೆಗೆ ತಗೊಂಡು ಹೋಗ್ತೀನಿ.”

ಮೂರು ದಿನ ಶಾಲೆ ಬಿಟ್ಟ ಮೇಲೆ ಹೊತ್ತಳು. ಈ ಸಲ ಏರಿಯೂ ದೂರವಾಗಲಿಲ್ಲ, ಹುಣಸೆಮರವೂ ದೂರವಾಗಲಿಲ್ಲ. ಗುಡಿಸಲಿನ ಮುಂದೆ ಸುತ್ತಲೂ ಕಲ್ಲಿಟ್ಟು, ಮೊಣಕಾಲೆತ್ತರಕ್ಕೆ ಕೆರೆಗೋಡು ತುಂಬಿ ಮಡಿ ಮಾಡಿದಳು. ಮುತ್ಯಾಲಮ್ಮ, “ನಿಂಗೆ ಬೇರೆ ಕೆಲಸ ಇಲ್ವೇನೇ?” ಎಂದು ಮೂರು ದಿನವೂ ಗೊಣಗಿದಳು. ಮೂರು ದಿನವೂ ಹುರಿಗಡಲೆ ಕೊಟ್ಟಳು. ಕೊನೆಯ ದಿನ ಸೆರಗಿನ ಗಂಟು ಬಿಚ್ಚಿ, ಯಾವಾಗಿನಿಂದಲೋ ಇಟ್ಟುಕೊಂಡಿದ್ದ ಬೀಜ ತೆಗೆದು ಚೆಲ್ಲಿದಳು. ಏನು ಬೀಜ ಎಂದು ಕೇಳಿದರೆ ಹೇಳಲಿಲ್ಲ.

ಅದೇ ವಾರ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು.

ಮಳೆ ಬಂದಾಗಲೆಲ್ಲ ಆದಿ ಕೋಣೆಗೆ ಓಡುತ್ತಿದ್ದಳು. ಮೊದಲು ಹನಿ ಬಿದ್ದಿದ್ದ ಜಾಗದಲ್ಲಿ ಒಂದು ಮಡಕೆ ಇಟ್ಟಿದ್ದಳು. ಬಗ್ಗಿ ನೋಡಿದರೆ ಮಡಕೆ ಒಣಗಿಯೇ ಇರುತ್ತಿತ್ತು. “ಸೋರಲ್ಲ ಕಣೇ, ತೆಗಿ ಅದನ್ನ,” ಎಂದು ಅಕ್ಕ ನಗುತ್ತಿದ್ದಳು. ಆದಿಗೆ ಮಾತ್ರ ಧೈರ್ಯ ಬರಲಿಲ್ಲ. ಮಡಕೆ ತಿಂಗಳು ಕಳೆದರೂ ಅಲ್ಲೇ ಇತ್ತು.

ಹೆಸರಿಡುವ ದಿನ ಅಪ್ಪ ರಜೆ ಸಿಕ್ಕಿ ರೈಲಿನಲ್ಲಿ ಬಂದ. ಊರಿನ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರೂ ಒಳಗೆ ಬಂದವರೇ ತೊಟ್ಟಿಲಿಗೆ ಬಗ್ಗಿ ಮಗುವಿನ ಕೆನ್ನೆ ಸವರಿದರು. ಕೊನೆಗೆ ಮುತ್ಯಾಲಮ್ಮ ಬಂದಳು. ಅವಳು ಹೊಸಿಲಲ್ಲೇ ನಿಂತು ಮೊದಲು ಕತ್ತೆತ್ತಿ ಮೇಲೆ ನೋಡಿದಳು. ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದ ಮೇಲೆಯೇ ಮಗುವಿನ ಕಡೆ ತಿರುಗಿದಳು.

ಅವಳ ಮಡಿಲಿನಲ್ಲಿ ಒಂದು ದೊಡ್ಡ ಕಟ್ಟು ಸಬ್ಬಸಿಗೆ ಸೊಪ್ಪು. ಕೋಣೆಯೆಲ್ಲ ಘಮ್ಮೆಂದಿತು.

“ಬಾಣಂತಿಗೆ ಒಳ್ಳೇದು, ಹಾಲು ಬರ್ತದೆ. ಕೊಂಡಿದ್ದಲ್ಲ,” ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. “ನನ್ನ ಅಂಗಳದಲ್ಲಿ ಬೆಳೆದಿದ್ದು.”

ಆಷಾಢದ ಮಳೆ ಹಿಡಿದುಕೊಂಡಿತು. ಮುದುಕಿ ಹೊರಡಲು ಎದ್ದಳು. ಅಮ್ಮ, “ಈ ಮಳೇಲಿ ಎಲ್ಲಿ ಹೋಗ್ತೀಯಾ ಅತ್ತೆ? ಕೂತ್ಕೋ,” ಎಂದಳು. ಕೋಣೆ ತುಂಬ ಜನ. ಕೂರಲು ಜಾಗವೇ ಇರಲಿಲ್ಲ.

ಆದಿ ಕಿಟಕಿಯಿಂದ ಹೊರಗೆ ನೋಡಿದಳು. ಬೀದಿಯ ಉದ್ದಕ್ಕೂ ಮಿದ್ದೆಗಳು. ಪ್ರತಿ ಮಿದ್ದೆಯ ದೋಣಿಯಿಂದಲೂ ನೀರು ಧಾರೆಯಾಗಿ ಬೀದಿಗೆ ಸುರಿಯುತ್ತಿತ್ತು, ಮನೆಯೊಳಗಲ್ಲ. ಅಷ್ಟೂ ಮಿದ್ದೆಗಳ ಮೇಲಿನ ಮಣ್ಣು ಎಲ್ಲಿಂದ ಬಂದದ್ದು ಎಂದು ಅವಳಿಗೆ ಈಗ ಗೊತ್ತಿತ್ತು. 

ಅವಳು ಹೋಗಿ ಆ ಮಡಕೆಯನ್ನು ಎತ್ತಿ ಹೊರಗಿಟ್ಟು ಬಂದಳು. ಅದಿದ್ದ ಜಾಗದಲ್ಲಿ ಚಾಪೆ ಹಾಸಿದಳು.

“ಇಲ್ಲಿ ಕೂತ್ಕೋ ಅಜ್ಜಿ.”

ಮುತ್ಯಾಲಮ್ಮ ಕೂತಳು. ಮೇಲೆ ಮಳೆ ಸುರಿಯುತ್ತಲೇ ಇತ್ತು. ಅವಳು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಆ ಸದ್ದನ್ನು ಕೇಳಿದಳು, ಆಮೇಲೆ ಗೋಡೆಗೆ ಒರಗಿ ಕಾಲು ಚಾಚಿದಳು.

ಆದಿ ಅವಳ ಪಕ್ಕದಲ್ಲಿ ಒತ್ತಿ ಕೂತು, ಅವಳಿಗಷ್ಟೇ ಕೇಳುವ ಹಾಗೆ ಹೇಳಿದಳು:

“ನಿಂದು ಬಲು ಒಳ್ಳೇ ಮಣ್ಣು ಅಜ್ಜಿ.”